ಬಕೆಟ್ಟಿನಲ್ಲಿ ತೆನೆ: ದೂರದೇಶದಲ್ಲಿ ಮಲೆನಾಡಿನವರ ತೆನೆಹಬ್ಬ

ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ಅಂದು ಚರ್ಚಿನಲ್ಲಿ ಹೊಸ ತೆನೆಗೆ ಆಶೀರ್ವಾದ, ಮನೆಯಲ್ಲಿ ಹೊಸಕ್ಕಿ ಊಟ. ಆದರೆ ಆ ಹೊತ್ತಿಗೆ ಮಲೆನಾಡಿನ ಗದ್ದೆಯಲ್ಲಿ ತೆನೆ ಸಿಗುವುದೇ ಅಪರೂಪ. ಜುಲೈನಲ್ಲಿ ನಾಟಿಯಾದ ಭತ್ತ ಆಗಿನ್ನೂ ಬರೀ ಗರಿ. ಅದು ಹೊಡೆಗೆ ಬರುವುದು, ಅಂದರೆ ಒಳಗೆ ತೆನೆ ಕಟ್ಟಿ ಬಸುರಾಗುವುದು, ಭೂಮಿ ಹುಣ್ಣಿಮೆಯ ಸುಮಾರಿಗೆ. ಅದಕ್ಕೇ ಅಲ್ಲವೇ ನಮ್ಮ ಕಡೆ ಭೂಮಿತಾಯಿಗೆ ಬಸುರಿ ಬಯಕೆಯ ಊಟ ಬಡಿಸುವುದು? ಹಾಗಾಗಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತೆನೆ ಬೇಕೆಂದರೆ ಬೇಗ ಬಿತ್ತಿದ ಮಡಿಯನ್ನು ಹುಡುಕಬೇಕು, ಇಲ್ಲವೇ ಘಟ್ಟದ ಕೆಳಗಿನ ನೆಂಟರಿಗೆ ಹೇಳಿ ತರಿಸಬೇಕು. ಹಬ್ಬ ಬಂದಿದ್ದೂ ಕರಾವಳಿಯಿಂದಲೇ. 1763ರಲ್ಲಿ ಮಂಗಳೂರು ಬಳಿಯ ಫರಂಗಿಪೇಟೆಯ ಮೊಂತೆ ಮರಿಯಾನೊ ಗುಡ್ಡದ ಚರ್ಚಿನಲ್ಲಿ ಫಾದರ್ ಜೋಕಿಂ ಮಿರಾಂದ ಇದನ್ನು ಶುರುಮಾಡಿದರೆನ್ನುತ್ತಾರೆ. ಕೊಂಕಣಿಯ ‘ಮೊಂತಿ ಫೆಸ್ತ್’ ಎಂಬ ಹೆಸರು ಆ ಗುಡ್ಡದ್ದು. ಘಟ್ಟ ಹತ್ತಿದವರು ಹಬ್ಬವನ್ನೂ ಹೊತ್ತು ತಂದರು. ಈಗ ಟೊರೊಂಟೊದಲ್ಲೋ ಮ್ಯೂನಿಕ್ಕಿನಲ್ಲೋ ಇರುವ ಮಲೆನಾಡಿನ ಕುಟುಂಬ ‘ಇಲ್ಲಿ ಗದ್ದೆಯೇ ಇಲ್ಲವಲ್ಲ’ ಎಂದು ಕೈಚೆಲ್ಲಬೇಕಿಲ್ಲ. ಊರಲ್ಲೂ ತೆನೆಯನ್ನು ಹುಡುಕಿಯೇ ತಂದದ್ದು.

ಊರಿಂದ ಲಕೋಟೆಯಲ್ಲಿ ತೆನೆ ಕಳಿಸುವ ಪದ್ಧತಿ ಹಳೆಯದು. ಈಗ ಅದನ್ನು ನಂಬಿ ಕೂರಬೇಡಿ. ಆಸ್ಟ್ರೇಲಿಯಾದ ಗಡಿಯಲ್ಲಿ ಸಿಪ್ಪೆಯಿರುವ ಭತ್ತ ಒಳಗೆ ಬಿಡುವುದಿಲ್ಲ. ಅಮೆರಿಕವಂತೂ ಖಾಪ್ರಾ ಎಂಬ ಧಾನ್ಯದ ಹುಳದ ಭಯಕ್ಕೆ 2011ರಿಂದ ಭಾರತದ ಪ್ರಯಾಣಿಕರ ಚೀಲದಲ್ಲಿ ಅಕ್ಕಿಯನ್ನೇ ನಿಲ್ಲಿಸಿದೆ. ಪ್ರಾರ್ಥನೆ ಪುಸ್ತಕದ ನಡುವೆ ಬಚ್ಚಿಟ್ಟು ತರುವುದು ತಪ್ಪು. ಹಬ್ಬದ ಹೆಸರಲ್ಲಿ ಸುಳ್ಳು ಹೇಳಿದಂತಾಗುತ್ತದೆ.

ಬೆಳೆಯುವುದೇ ಒಳ್ಳೆಯದು. ಅಂಗಡಿಯ ಅಕ್ಕಿ ಮೊಳೆಯದು, ಪಾಲಿಶಿನಲ್ಲಿ ಮೊಳಕೆಯ ಕಣ್ಣು ಹೋಗಿರುತ್ತದೆ. ಅಲ್ಲಿನ ಬೀಜದ ವ್ಯಾಪಾರಿಗಳಿಂದಲೇ ಸಿಪ್ಪೆಸಹಿತ ಬಿತ್ತನೆ ಭತ್ತ ಕೊಳ್ಳಿ. ತಳಿಯ ಆಯ್ಕೆಯಲ್ಲೇ ಹೆಚ್ಚಿನವರು ಸೋಲುವುದು. ನಮ್ಮ ಹಳೆಯ ಮಲೆನಾಡು ತಳಿಗಳಲ್ಲಿ ಬಹಳಷ್ಟು ಹಗಲು ಚಿಕ್ಕದಾದ ಮೇಲೆಯೇ ತೆನೆ ಬಿಡುವಂಥವು. ಜೂನಿನಲ್ಲಿ ಹದಿನಾರು ತಾಸು ಬೆಳಕಿರುವ ದೇಶದಲ್ಲಿ ಅವು ಹುಲ್ಲಾಗಿ ಬೆಳೆಯುತ್ತಲೇ ಇರುತ್ತವೆ. ಹಗಲು ಕುಗ್ಗುವಷ್ಟರಲ್ಲಿ ಚಳಿ ಬಂದು ಬಿಡುತ್ತದೆ. ಜಪಾನಿನ ಹೊಕ್ಕೈಡೊ ಕಡೆಯ ಹಯಯುಕಿ, ಯುಕಿಹಿಕಾರಿಯಂಥ ಬೇಗ ಬರುವ ತಳಿಗಳಿಗೆ ಈ ತೊಂದರೆ ಇಲ್ಲ.

ಏಪ್ರಿಲ್ ಕೊನೆಗೆ ಬೀಜವನ್ನು ಒಂದು ದಿನ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಬೆಚ್ಚಗಿಡಿ. ಎರಡು ದಿನಕ್ಕೆ ಬಿಳಿ ಮೊಳಕೆ ಬರುತ್ತದೆ. ಕಿಟಕಿಯ ಪಕ್ಕ ಸಣ್ಣ ಟ್ರೇಯಲ್ಲಿ ಸಸಿ ಮಾಡಿ, ಮೂರು ವಾರದ ಮೇಲೆ ತೂತಿಲ್ಲದ 20 ಲೀಟರಿನ ಬಕೆಟ್ಟಿಗೆ ಮೂರು ಅಥವಾ ನಾಲ್ಕು ಸಸಿ ನೆಡಿ. ಅರ್ಧಕ್ಕಿಂತ ಮೇಲೆ ಜಿಗುಟು ಮಣ್ಣೇ ಇರಲಿ. ಚೀಲದಲ್ಲಿ ಮಾರುವ ಹಗುರ ಕುಂಡದ ಮಣ್ಣು ಹಾಕಿದರೆ ನೀರಿನ ಮೇಲೆ ತೇಲುತ್ತದೆ, ಬೇರು ಹಿಡಿಯುವುದಿಲ್ಲ. ನೀರು ಮಣ್ಣಿನ ಮೇಲೆ ಎರಡು ಬೆರಳು ನಿಂತರೆ ಸಾಕು. ಸೊಳ್ಳೆ ಮರಿ ಕಂಡರೆ ನೀರು ಬಸಿದು ಹೊಸದು ಹಾಕಿ. ಹೊಡೆಗೆ ಬಂದಾಗ ರಾತ್ರಿಯ ಚಳಿ 15 ಡಿಗ್ರಿಗಿಂತ ಕೆಳಗಿಳಿದರೆ ಪರಾಗ ಸರಿಯಾಗಿ ಕೂಡದೆ ತೆನೆ ಜೊಳ್ಳಾಗುತ್ತದೆ. ಆ ಎರಡು ವಾರ ಸಂಜೆ ಬಕೆಟ್ ಒಳಗೆ, ಬೆಳಿಗ್ಗೆ ಹೊರಗೆ. ಕಾಳಿಗೆ ಹಾಲು ತುಂಬುವಾಗ ಗುಬ್ಬಿ ಬರುತ್ತದೆ, ತೆಳು ಬಟ್ಟೆ ಮುಚ್ಚಿ. ಎರಡು ಬಕೆಟ್ಟಿನ ತೆನೆ ಒಂದು ಮನೆಗೆ ಧಾರಾಳ, ನೆರೆಯವರಿಗೂ ಒಂದೊಂದು ಕೊಡಬಹುದು.

ಇದಾಗದಿದ್ದರೆ? ಯುರೋಪಿನಲ್ಲಿ ಆಗಸ್ಟಿನ ಗೋದಿ, ಓಟ್ಸ್ ತೆನೆ ರೈತರ ಸಂತೆಯಲ್ಲಿ ಸಿಗುತ್ತದೆ. ಆಸ್ಟ್ರೇಲಿಯಾದಲ್ಲಂತೂ ಸೆಪ್ಟೆಂಬರಿಗೆ ಗೋದಿ ತೆನೆ ಬಿಡುವ ಕಾಲ. ಚರ್ಚಿನ ಬಲಿಪೂಜೆಯ ರೊಟ್ಟಿಯೇ ಗೋದಿಯದು, ಸಂಕೋಚ ಏಕೆ? ಪ್ಲಾಸ್ಟಿಕ್ ತೆನೆ ಮಾತ್ರ ಬೇಡ. ಅದನ್ನು ಸುಲಿದು ತಿನ್ನಲಾಗದು, ಈ ಹಬ್ಬವಿರುವುದೇ ತಿನ್ನುವುದರಲ್ಲಿ.

ಆಗಸ್ಟ್ 30ರಿಂದ ಒಂಬತ್ತು ದಿನ ನೊವೇನ ಪ್ರಾರ್ಥನೆ. ಮಕ್ಕಳು ಬಾಲೆ ಮರಿಯಮ್ಮನಿಗೆ ಹೂ ಅರ್ಪಿಸಬೇಕು. ಮಲೆನಾಡಿನ ಮಳೆಗಾಲದ ಡೇರೆ ಹೂ (ಡಾಲಿಯಾ) ಯುರೋಪಿನ ಹಿತ್ತಿಲುಗಳಲ್ಲೂ ಅದೇ ತಿಂಗಳಲ್ಲಿ ಅರಳುತ್ತದೆ. ಇದಕ್ಕಿಂತ ಭಾಗ್ಯ ಬೇಕೆ? ದಿನಕ್ಕೊಂದು ಡೇರೆ ಸಾಕು, ಎಸಳು ಬಿಡಿಸಿ ತಟ್ಟೆಗೆ ಹಾಕಿದರೆ ಮೂರು ಮಕ್ಕಳಿಗಾಗುತ್ತದೆ. ಅಂಗಡಿಯ ಲಿಲ್ಲಿ ತಂದರೆ ಹಳದಿ ಪುಡಿಯನ್ನು ಮೊದಲೇ ಕಿತ್ತು ತೆಗೆಯಿರಿ, ಬಿಳಿ ಅಂಗಿಗೆ ಹತ್ತಿದ ಕಲೆ ಹೋಗದು.

ಊಟ ಅಪ್ಪಟ ಸಸ್ಯಾಹಾರ. ಪಲ್ಯ, ಸಾರುಗಳ ಲೆಕ್ಕ ಮೂರು, ಐದು, ಏಳು, ಹೀಗೆ ಬೆಸವಾಗಿರಬೇಕು. ಕೆಲಸದ ದಿನವೇ ಹಬ್ಬ ಬಿದ್ದರೆ (2026ರಲ್ಲಿ ಮಂಗಳವಾರ) ಮೂರಕ್ಕೇ ನಿಲ್ಲಿಸಿ, ಆದರೆ ಮನೆಯ ಊಟವನ್ನು ಭಾನುವಾರಕ್ಕೆ ತಳ್ಳಬೇಡಿ. ಸಂಘದ ಕೂಟ ಭಾನುವಾರ ಇರಲಿ. ಮೂರರಲ್ಲಿ ಒಂದು ಕೆಸುವಿನದು. ಫಿಲಿಪೀನೊ ಅಂಗಡಿಗಳಲ್ಲಿ ಕೆಸುವಿನೆಲೆ ಫ್ರೀಜ್ ಮಾಡಿದ್ದೋ ಒಣಗಿಸಿದ್ದೋ ಸಿಗುತ್ತದೆ. ಎಂಟು ಜನಕ್ಕೆ ಇಪ್ಪತ್ತು ಎಲೆ, ನಿಂಬೆ ಗಾತ್ರದ ಹುಣಸೆ, ಅಮಟೆಕಾಯಿ ಸಿಕ್ಕರೆ ಆರು. ಎಲೆಯೊಳಗೆ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ, ಗಂಟಲು ಕೆರೆಯುವುದು ಅದರಿಂದ. ಹುಳಿ ಹಾಕಿ ಮುಕ್ಕಾಲು ತಾಸು ಚೆನ್ನಾಗಿ ಕುದಿಸಿ. ಹಸಿರು ಉಳಿಯಲಿ ಎಂದು ಬೇಗ ಇಳಿಸಿದವರ ಮನೆಯಲ್ಲಿ ಮಕ್ಕಳು ಮುಂದಿನ ವರ್ಷ ಕೆಸುವನ್ನು ಮುಟ್ಟುವುದಿಲ್ಲ. ಪಾಯಸಕ್ಕೆ ಕಡಲೆಬೇಳೆ ಕಾಲು ಕೆಜಿ, ಬೆಲ್ಲ 300 ಗ್ರಾಂ. ಬೇಳೆ ಬೆರಳಲ್ಲಿ ಹಿಸುಕುವಷ್ಟು ಬೆಂದ ಮೇಲೆಯೇ ಬೆಲ್ಲ, ಮೊದಲೇ ಹಾಕಿದರೆ ಬೇಳೆ ಮತ್ತೆ ಬೇಯದು. ಗಟ್ಟಿ ತೆಂಗಿನ ಹಾಲನ್ನು ಒಲೆ ಆರಿಸಿ ಸುರಿಯಿರಿ, ಕುದಿ ಬಂದರೆ ಒಡೆಯುತ್ತದೆ.

ಇದೆಲ್ಲಕ್ಕಿಂತ ಮುಂಚಿನದು ಹೊಸಕ್ಕಿ. ತೆನೆಯ ಕಾಳನ್ನು ಮಕ್ಕಳೇ ಉಗುರಿನಿಂದ ಸುಲಿಯಲಿ. ತಲೆಗೆ ಮೂರು ಕಾಳಾದರೂ ಆಗಬೇಕು. ಕುಟ್ಟಿ ಪುಡಿಮಾಡಿ, ಒಂದು ಬಟ್ಟಲು ತೆಂಗಿನ ಹಾಲಿಗೆ ಚೂರು ಬೆಲ್ಲದ ಜೊತೆ ಕಲಸಿ. ಊರಲ್ಲಾದರೆ ಪ್ರಾರ್ಥನೆ ಹೇಳಿ ಒಬ್ಬೊಬ್ಬರಿಗೂ ಚಮಚದಲ್ಲಿ ಕೊಡುವುದು ಅಜ್ಜ. ದೂರದೇಶದಲ್ಲಿ ಆ ಜಾಗದಲ್ಲಿ ಅಪ್ಪ ನಿಲ್ಲಬೇಕು, ಹೆಚ್ಚಿನ ಅಪ್ಪಂದಿರು ಅಲ್ಲೇ ತಡವರಿಸುತ್ತಾರೆ, ಯಾಕೆಂದರೆ ಊರಲ್ಲಿ ತೆಗೆದುಕೊಂಡೇ ಗೊತ್ತು, ಕೊಟ್ಟು ಗೊತ್ತಿಲ್ಲ. ಪ್ರಾರ್ಥನೆ ಉದ್ದ ಇರಬೇಕಿಲ್ಲ. ಮನೆಯಲ್ಲಿ ಕೊಂಕಣಿ, ಚರ್ಚಿನಲ್ಲಿ ಕನ್ನಡ ಎಂದು ಬೆಳೆದವರು ಎರಡರಲ್ಲೂ ಒಂದೊಂದು ಮಾತು ಹೇಳಲಿ. ಬೆಳೆ ಕೊಟ್ಟದ್ದಕ್ಕೆ ಕೃತಜ್ಞತೆ, ಆಮೇಲೆ ಪಂಕ್ತಿಯಲ್ಲಿಲ್ಲದವರ ಹೆಸರು, ತೀರಿಹೋದವರ ಹೆಸರು. ಹೆಸರುಗಳನ್ನು ಮಗಳೋ ಮಗನೋ ಓದಲಿ. ಅಜ್ಜಿಯ ತಂಗಿ ಯಾರು, ಯಾವ ಊರು ಎಂದು ಅವರು ಕೇಳುವುದು ಆಗಲೇ. ಅಜ್ಜನನ್ನೇ ವಿಡಿಯೋದಲ್ಲಿ ಕೂರಿಸುವುದಾದರೆ ಹೊತ್ತು ನೋಡಿಕೊಳ್ಳಿ. ಮ್ಯೂನಿಕ್ಕಿನ ಸಂಜೆ ಐದು ಎಂದರೆ ತೀರ್ಥಹಳ್ಳಿಯಲ್ಲಿ ಎಂಟೂವರೆ, ನಡೆಯುತ್ತದೆ. ಟೊರೊಂಟೊದಲ್ಲಿ ಸಂಜೆಯ ಊಟಕ್ಕೆ ಕರೆದರೆ ಅಲ್ಲಿ ನಡುರಾತ್ರಿ ದಾಟಿರುತ್ತದೆ. ಅವರು ಬೆಳಿಗ್ಗೆ ಏಳಕ್ಕೇ, ಶಾಲೆಗೆ ಹೊರಡುವ ಮುಂಚೆ, ಹೊಸಕ್ಕಿಯನ್ನಷ್ಟೇ ತಿಂದು ಊಟ ರಾತ್ರಿ ಮಾಡಬಹುದು.

ಉಳಿದ ತೆನೆಯಲ್ಲಿ ಒಂದು ದೇವರ ಪೀಠಕ್ಕೆ. ಚೆನ್ನಾಗಿ ಕಾಳು ಕಟ್ಟಿದ ಎರಡನ್ನು ಬಕೆಟ್ಟಿನಲ್ಲೇ ಪೂರ್ತಿ ಬಲಿಯಲು ಬಿಟ್ಟು, ನೆರಳಲ್ಲಿ ಒಣಗಿಸಿ, ಕಾಗದದ ಲಕೋಟೆಯಲ್ಲಿಟ್ಟು ಮೇಲೆ ವರ್ಷ ಬರೆಯಿರಿ. ಪ್ಲಾಸ್ಟಿಕ್ಕಿನಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ಏಪ್ರಿಲಿಗೆ ಮತ್ತೆ ನೆನೆಹಾಕಬೇಕಲ್ಲ.