ಸುಟ್ಟೋದ ಟ್ಯೂಬ್‌ಲೈಟ್ ತಿಪ್ಪೆಗೆ ಹಾಕ್ಬೇಡಿ

ಇಲ್ಲಿ ಜರ್ಮನಿಯಲ್ಲಿ ಸುಟ್ಟೋದ ಸಿಎಫ್ಎಲ್ ಬಲ್ಬನ್ನ (ಬಾಗಿಸಿದ ಪುಟ್ಟ ಟ್ಯೂಬಿನ ಬಲ್ಬು) ಮನೆ ಕಸದ ಡಬ್ಬಿಗೆ ಹಾಕೋ ಹಾಗಿಲ್ಲ, 2006ರಿಂದ ಕಾನೂನೇ ಇದೆ. ಸೋಪು ಪೇಸ್ಟು ಮಾರೋ ಎಷ್ಟೋ ಅಂಗಡಿಗಳಲ್ಲಿ ಅದಕ್ಕೇ ಅಂತ ಒಂದು ಡಬ್ಬಿ ಇಟ್ಟಿರ್ತಾರೆ, ಸಾಮಾನು ತರೋಕೆ ಹೋದಾಗ ಹಾಕಿ ಬರೋದು, ಉದ್ದದ ಟ್ಯೂಬ್ ಆದ್ರೆ ಮುನ್ಸಿಪಾಲ್ಟಿಯವರ ಯಾರ್ಡಿಗೆ ತಗೊಂಡೋಗಿ ಕೊಡ್ಬೇಕು, ದುಡ್ಡೇನೂ ಕೇಳಲ್ಲ. ಆಮೇಲೆ ಅವನ್ನ ಮುಚ್ಚಿದ ಮೆಷಿನ್ನಲ್ಲಿ ಒಡೆದು ಗಾಜು, ಅಲ್ಯೂಮಿನಿಯಂ, ಒಳಗಿನ ಬಿಳಿ ಪುಡಿ, ಪಾದರಸ ಎಲ್ಲಾ ಬೇರೆ ಬೇರೆ ಮಾಡ್ತಾರೆ.

ಇಷ್ಟೆಲ್ಲಾ ಆ ಪಾದರಸಕ್ಕೋಸ್ಕರ. ಒಂದು ಸಿಎಫ್ಎಲ್‌ನಲ್ಲಿ ಸಾಮಾನ್ಯವಾಗಿ 5 ಮಿಲಿಗ್ರಾಂ ಒಳಗೇ ಇರತ್ತೆ, ಆದ್ರೆ ಒಡೆದ್ರೆ ಆವಿಯಾಗಿ ಉಸಿರಿಗೆ ಹೋಗತ್ತೆ, ಕೆರೆ ಸೇರಿದ್ರೆ ಮೀನಿನ ಮೈಯಲ್ಲಿ ಕೂತ್ಕೊಂಡು ತಿಂದೋರಿಗೆ ಬರತ್ತೆ, ಬಸುರಿ ಹೆಂಗಸ್ರ ಹೊಟ್ಟೇಲಿರೋ ಮಗುವಿನ ಮಿದುಳಿಗೆ ಅದು ತುಂಬಾ ಕೆಟ್ಟದ್ದು.

ನಮ್ಮ ಕೋಲಾರ ಜಿಲ್ಲೆ ಮಾಲೂರು ಕಡೆ ಹಳ್ಳಿಗಳಲ್ಲಿ ಟ್ಯೂಬ್ ಹೋಯ್ತು ಅಂದ್ರೆ ಹಿತ್ತಲ ಗೋಡೆಗೆ ಒರಗಿಸ್ತಾರೆ, ಹುಡುಗ್ರು ಟಪ್ ಅಂತ ಸದ್ದು ಬರ್ಲಿ ಅಂತ ಕಲ್ಲಿಗೆ ಹೊಡೀತಾರೆ, ಚೂರೆಲ್ಲಾ ಗುಡಿಸಿ ತಿಪ್ಪೆಗೆ. ಮುಂಗಾರಿಗೆ ಮುಂಚೆ ಅದೇ ತಿಪ್ಪೆ ಗೊಬ್ಬರ ರಾಗಿ ಹೊಲಕ್ಕೆ, ಟೊಮೇಟೊ ತೋಟಕ್ಕೆ ಹೋಗತ್ತೆ, ಬರಿಗಾಲಲ್ಲಿ ಹರಡೋರಿಗೆ ಗಾಜು ಚುಚ್ಚೋದು ಬೇರೆ. ಇಲ್ಲಿ ಜರ್ಮನಿಯವರ ಮನೆಯ ಉಳಿಕೆ ಕಸ ಬಹುತೇಕ ಸುಡೋ ಘಟಕಕ್ಕೆ ಹೋಗತ್ತೆ, ನಮ್ಮದು ನಮ್ಮ ಹೊಲಕ್ಕೇ ಬಂದು ಬೀಳತ್ತೆ, ಹಂಗಾಗಿ ಈ ಎಚ್ಚರ ಇವರಿಗಿಂತ ನಮಗೇ ಜಾಸ್ತಿ ಬೇಕು ಅಂತೀನಿ ನಾನು. ಕೆಜಿಎಫ್ ಗಣಿ 2001ರಲ್ಲೇ ಮುಚ್ಚಿದ್ರೂ ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬ ಇನ್ನೂ ಅಲ್ಲೇ ನಿಂತಿದೆ, ವಿಷ ನೆಲದ ಮೇಲೆ ಎಷ್ಟು ಕಾಲ ಉಳಿಯತ್ತೆ ಅಂತ ನಮ್ಮ ಜಿಲ್ಲೆಯವರಿಗೆ ಬೇರೆಯವರು ಹೇಳ್ಕೊಡ್ಬೇಕಾ?

ನಮ್ಮ ದೇಶದಲ್ಲೂ 2016ರ ಘನತ್ಯಾಜ್ಯ ನಿಯಮದಲ್ಲೇ ಸಿಎಫ್ಎಲ್, ಟ್ಯೂಬ್‌ಲೈಟನ್ನ ಮನೆಯ ಅಪಾಯಕಾರಿ ಕಸ ಅಂತ ಸೇರಿಸಿದ್ರು, ಹಸಿ ಕಸ ಒಣ ಕಸದ ಜೊತೆ ಬೆರೆಸದೆ ಬೇರೆಯಾಗಿ ಕೊಡ್ಬೇಕು. ಕೊಡೋವರೆಗೂ ಒಡೀದಂಗೆ ಹೊಸ ಟ್ಯೂಬಿನ ಕವರಿಗೇ ಹಳೇದನ್ನ ತೂರಿಸಿ ಮಕ್ಕಳ ಕೈಗೆ ಸಿಗದ ಕಡೆ ಇಡಿ. ಒಳಗೆ ತಂತಿ ಉರಿಯೋ ಹಳೇ ಗುಂಡು ಬಲ್ಬು, ಎಲ್ಇಡಿಯಲ್ಲಿ ಪಾದರಸ ಇರಲ್ಲ.

ಅಕಸ್ಮಾತ್ ಮನೆ ಒಳಗೇ ಒಡೆದ್ರೆ ಫ್ಯಾನ್ ಆಫ್ ಮಾಡಿ, ಕಿಟಕಿ ಬಾಗಿಲು ತೆಗೆದಿಟ್ಟು ಎಲ್ಲಾರೂ ಹತ್ತು ನಿಮಿಷ ಆಚೆ ಇರಿ. ಪೊರಕೆ ಬೇಡ, ಪುಡಿ ಎಲ್ಲಾ ಕಡೆ ಹರಡತ್ತೆ, ವ್ಯಾಕ್ಯೂಮ್ ಕ್ಲೀನರ್ ಅಂತೂ ಬೇಡವೇ ಬೇಡ. ಗಟ್ಟಿ ರಟ್ಟಲ್ಲಿ ಚೂರು ಎತ್ತಿ, ಸಣ್ಣ ಪುಡಿಗೆ ಅಂಟೋ ಟೇಪ್ ಒತ್ತಿ ತೆಗೀರಿ, ಒದ್ದೆ ಕಾಗದದಲ್ಲಿ ಒರೆಸಿ ಎಲ್ಲಾನೂ ಮುಚ್ಚಳ ಇರೋ ಗಾಜಿನ ಬಾಟ್ಲಿಗೆ ಹಾಕಿ ಮುಚ್ಚಿ, ಆಮೇಲೆ ಕೈ ಚೆನ್ನಾಗಿ ತೊಳ್ಕೊಳ್ಳಿ.

ಮಾಲೂರು, ಬಂಗಾರಪೇಟೆ ಕಡೆ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರೋರು ಯಾರಾದ್ರೂ ಇದನ್ನ ಓದ್ತಿದ್ರೆ ಒಂದು ಕೇಳ್ಕೊತೀನಿ ಅಣ್ಣಾ, ಟ್ಯೂಬ್ ಬರೋ ಉದ್ದದ ರಟ್ಟಿನ ಡಬ್ಬಿ ಒಂದನ್ನ ಮೂಲೆಲಿ ನಿಲ್ಲಿಸಿ, ಹಳೇದು ತಂದೋರಿಂದ ತಗೊಂಡು ತುಂಬಿದ ಮೇಲೆ ಪುರಸಭೆಯವರಿಗೆ ಕೊಟ್ಬಿಡಿ.