ಖಾಲಿ ಆಕಾಶದ ಫೋಟೋಗಳು

2003ರ ಫೆಬ್ರವರಿಯಲ್ಲಿ ಯಲಹಂಕದ ಏರ್ ಶೋ ಮುಗಿಸಿ ಬಳ್ಳಾರಿಗೆ ಬಂದವನು ಮನೆಗೂ ಹೋಗದೆ ಸೀದಾ ಸ್ಟುಡಿಯೋಗೆ ಹೋದೆ. 36 ಫೋಟೋ ಹಿಡಿಯೋ ಫಿಲ್ಮಿನ ಎರಡು ರೋಲು ಕೊಟ್ಟೆ. ಎರಡು ದಿನ ಬಿಟ್ಟು ಹೋದರೆ ಕವರಿನಲ್ಲಿ ಇದ್ದದ್ದು ಬರೀ 29 ಪ್ರಿಂಟು. ಉಳಿದವು ಎಲ್ಲಪ್ಪಾ ಅಂತ ಕೇಳಿದೆ. "ಖಾಲಿ ಇದ್ದವಣ್ಣ, ಬರೀ ಆಕಾಶ. ನಿಮ್ಮ ದುಡ್ಡು ಯಾಕೆ ದಂಡ ಅಂತ ಹಾಕಲಿಲ್ಲ" ಅಂದ ಸ್ಟುಡಿಯೋದವನು. ಪಾಪ, ನನ್ನ ಒಳ್ಳೆಯದಕ್ಕೇ ಮಾಡಿದ್ದು. ಬೈಯೋಕೂ ಆಗಲಿಲ್ಲ.

ಅವು ಖಾಲಿ ಇರಲಿಲ್ಲ. ಒಂದೊಂದರಲ್ಲೂ ವಿಮಾನ ಇತ್ತು, ಸಾಸಿವೆ ಕಾಳಿನಷ್ಟು. ಲೆಕ್ಕ ಹಾಕಿ ನೋಡಿ: 13 ಮೀಟರ್ ಉದ್ದದ ಯುದ್ಧವಿಮಾನ ಒಂದು ಕಿಲೋಮೀಟರ್ ದೂರದಲ್ಲಿದ್ದರೆ, 300 ಎಂಎಂ ಲೆನ್ಸ್ ಹಾಕಿದರೂ ಫಿಲ್ಮ್ ಮೇಲೆ ಬೀಳೋದು ಸುಮಾರು 4 ಮಿಲಿಮೀಟರ್. ಫಿಲ್ಮಿನ ಅಗಲ 36. ಇನ್ನು ಅದು ಮೂರು ಕಿಲೋಮೀಟರ್ ಆಚೆ ಹೋಗಿ ತಿರುಗುತ್ತಿದ್ದರೆ ಕೇಳಲೇಬೇಡಿ. ನಮ್ಮ ಕಣ್ಣಿಗೆ ದೊಡ್ಡದಾಗಿ ಕಾಣುತ್ತೆ, ಸದ್ದು ಎದೆಗೇ ಗುದ್ದುತ್ತೆ, ಅದೆಲ್ಲ ಫೋಟೋದಲ್ಲೂ ಬಂದಿರುತ್ತೆ ಅಂದುಕೊಂಡು ಬಟನ್ ಒತ್ತುತ್ತಾ ಹೋಗ್ತೀವಿ.

ಆ ಕಾಳುಗಳಲ್ಲಿ ಒಂದು ನಮ್ಮ ಎಲ್‌ಸಿಎ, ನಮ್ಮ ದೇಶದಲ್ಲೇ ತಯಾರಾದ ಹಗುರ ಯುದ್ಧವಿಮಾನ. ಮೊದಲ ಸಲ ಹಾರಿ ಆಗಿನ್ನೂ ಎರಡು ವರ್ಷ ಆಗಿತ್ತು. ತೇಜಸ್ ಅನ್ನೋ ಹೆಸರೂ ಬಂದಿರಲಿಲ್ಲ, ವಾಜಪೇಯಿ ಅವರು ಹೆಸರಿಟ್ಟಿದ್ದು ಅದೇ ವರ್ಷ ಮೇ ತಿಂಗಳಲ್ಲಿ. ಅಂದರೆ ಹೆಸರಿಡೋಕೆ ಮುಂಚೆಯೇ ನಾನು ಅದರ ಫೋಟೋ ತೆಗೆದಿದ್ದೆ, ಅದು ಯಾರಿಗೂ ಕಾಣಲ್ಲ ಅಷ್ಟೇ!

ಬಳ್ಳಾರಿಯಲ್ಲಿ ಈ ಹುಚ್ಚು ಹಿಡಿಸಿಕೊಳ್ಳೋದು ಅಂದರೆ ಕೆರೆ ಇಲ್ಲದ ಊರಲ್ಲಿ ಈಜು ಕಲಿತ ಹಾಗೆ. ಎರಡು ವರ್ಷಕ್ಕೊಮ್ಮೆ ನಾಲ್ಕೈದು ದಿನದ ಶೋ. ಉಳಿದ ದಿನ ಏನು ಮಾಡೋದು? ನಾನು ಕೋಟೆ ಗುಡ್ಡ ಹತ್ತಿ ಹದ್ದುಗಳ ಫೋಟೋ ತೆಗೀತೀನಿ. ಮಧ್ಯಾಹ್ನ ಬಂಡೆ ಕಾದಾಗ ಬಿಸಿಗಾಳಿ ಮೇಲೇಳುತ್ತಲ್ಲ, ಅದರ ಮೇಲೆ ರೆಕ್ಕೆ ಆಡಿಸದೆ ಸುತ್ತು ಹಾಕ್ತಿರುತ್ತವೆ. ಸೊಂಟ ತಿರುಗಿಸುತ್ತಾ ಕ್ಯಾಮೆರಾವನ್ನು ಅವುಗಳ ಜೊತೆಗೇ ಒಯ್ಯೋದು, ಕ್ಲಿಕ್ ಮಾಡಿದ ಮೇಲೂ ನಿಲ್ಲಿಸದೆ ಒಯ್ಯೋದು, ಇದನ್ನ ಕಲಿಸಿದ್ದು ಅವೇ. ಅದಿರು ಲಾರಿಗಳ ಮೇಲೂ ಅಭ್ಯಾಸ ಮಾಡಿದ್ದೀನಿ. ಡ್ರೈವರ್ ಒಬ್ಬ ಲಾರಿ ನಿಲ್ಲಿಸಿ, ಯಾವ ಇಲಾಖೆ ಸರ್ ನೀವು ಅಂತ ಕೇಳಿದ್ದ.

ಇನ್ನೊಂದು ಪಾಠವನ್ನೂ ಹದ್ದುಗಳೇ ಕಲಿಸಿದವು. ಬೆಳ್ಳಗಿನ ಆಕಾಶ ನೋಡಿ ಕ್ಯಾಮೆರಾ ಹೆದರಿ ಬೆಳಕು ಕಡಿಮೆ ಮಾಡಿಬಿಡುತ್ತೆ, ಹಕ್ಕಿ ಮಸಿ ಬಳಿದ ಹಾಗೆ ಬರುತ್ತೆ. ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡರಷ್ಟು ಬೆಳಕು ಕೊಟ್ಟರೆ ಹೊಟ್ಟೆಯ ಗರಿ ಕಾಣುತ್ತೆ. ವಿಮಾನಕ್ಕೂ ಅಷ್ಟೇ.

ಜೆಟ್‌ಗೆ ಶಟರ್ ವೇಗ ಸೆಕೆಂಡಿನ 1/1000ಕ್ಕಿಂತ ಮೇಲೆ ಇಟ್ಟು ಮರೆತುಬಿಡಿ. ವಾಯುಪಡೆಯ ಸಾರಂಗ್ ಕಸರತ್ತು ತಂಡದ ಧ್ರುವ್ ಹೆಲಿಕಾಪ್ಟರ್ ಬಂದಾಗ ಮಾತ್ರ ನೆನಪಿಟ್ಟುಕೊಂಡು 1/200ರ ಹತ್ತಿರ ಇಳಿಸಬೇಕು, ಇಲ್ಲದಿದ್ದರೆ ರೆಕ್ಕೆಗಳು ನಿಂತ ಫ್ಯಾನಿನ ಹಾಗೆ ಬಂದು, ಯಾರೋ ದಾರ ಕಟ್ಟಿ ನೇತುಹಾಕಿದ್ದಾರೇನೋ ಅನ್ನಿಸುತ್ತೆ. ನಾನು ಒಂದು ಇಡೀ ಶೋ ಹಾಗೆ ಹಾಳು ಮಾಡಿಕೊಂಡಿದ್ದೀನಿ.

ಬೀದರ್‌ನಲ್ಲಿ ನೆಂಟರಿದ್ದಾರೆ. ಅಲ್ಲಿ ಹಾಕ್ ತರಬೇತಿ ವಿಮಾನಗಳು ತಲೆ ಮೇಲೇ ಹಾರ್ತವೆ, ವಿಮಾನ ಕಸರತ್ತಿನ ಸೂರ್ಯಕಿರಣ್ ತಂಡದ ನೆಲೆಯೂ ಅಲ್ಲೇ. ಆದರೆ ವಾಯುನೆಲೆ ಹತ್ತಿರ ನಾನು ಕ್ಯಾಮೆರಾ ಬ್ಯಾಗಿನಿಂದ ಹೊರಗೆ ತೆಗೆಯಲ್ಲ. ಅದು ನಿಷೇಧಿತ ಜಾಗ, ಹವ್ಯಾಸ ಅಂದರೆ ಯಾರೂ ಕೇಳಲ್ಲ. ಸುಮ್ನೆ ಮಾಳಿಗೆ ಮೇಲೆ ನಿಂತು ಚಹಾ ಕುಡಿಯುತ್ತಾ ನೋಡೋದು.

ಡಿಜಿಟಲ್ ಬಂದ ಮೇಲೆ ಫ್ರೇಮ್ ಎಣಿಸೋ ಚಿಂತೆ ತಪ್ಪಿತು, ಧೂಳಿನ ಕಾಟ ಶುರುವಾಯ್ತು. ನಮ್ಮೂರ ಕೆಂಪು ಧೂಳು ಗೊತ್ತಲ್ಲ, ಲೆನ್ಸ್ ಬದಲಿಸುವಷ್ಟರಲ್ಲಿ ಒಳಗೆ ಸೇರಿಕೊಳ್ಳುತ್ತೆ. ಎಫ್ 11, ಎಫ್ 16 ಅಂತ ಲೆನ್ಸಿನ ಕಿಂಡಿ ಸಣ್ಣದು ಮಾಡಿದಷ್ಟೂ ಸೆನ್ಸರ್ ಮೇಲಿನ ಕಣ ಆಕಾಶದಲ್ಲಿ ಕಪ್ಪು ಚುಕ್ಕೆಯಾಗಿ ಎದ್ದು ಕಾಣುತ್ತೆ. 2025ರಲ್ಲಿ ರಷ್ಯಾದ ಸು-57, ಅಮೆರಿಕದ ಎಫ್-35 ಯುದ್ಧವಿಮಾನ ಎರಡೂ ಯಲಹಂಕಕ್ಕೆ ಬಂದಿದ್ದವು. ಸಾವಿರಾರು ಫೋಟೋ ತೆಗೆದೆ. ಮನೆಗೆ ಬಂದು ವಾರಗಟ್ಟಲೆ ಮಾಡಿದ್ದು ಚುಕ್ಕೆ ಅಳಿಸೋ ಕೆಲಸ.

ಅದೇ ಹೊತ್ತಲ್ಲಿ ಹಳೆ ನೆಗೆಟಿವ್‌ಗಳೂ ಸಿಕ್ಕವು. ಸ್ಕ್ಯಾನ್ ಮಾಡಿಸಿ, ದೊಡ್ಡದು ಮಾಡಿ ನೋಡಿದರೆ ಎಲ್‌ಸಿಎ ಇದೆ! ತ್ರಿಕೋನ ರೆಕ್ಕೆ, ಸ್ವಲ್ಪ ಓರೆಯಾಗಿ ತಿರುಗುತ್ತಿದೆ. ಕತ್ತರಿಸದೆ ಇಡೀ ಫ್ರೇಮನ್ನೇ ಗೋಡೆಗೆ ಹಾಕೋಣ ಅಂತ ಅದೇ ಸ್ಟುಡಿಯೋಗೆ ಹೋದೆ. ಈಗ ಅಲ್ಲಿ ಪಾಸ್‌ಪೋರ್ಟ್ ಫೋಟೋ, ಜೆರಾಕ್ಸು ಜಾಸ್ತಿ. ಅವನ ಕೂದಲೂ ನನ್ನ ಹಾಗೇ ಬೆಳ್ಳಗಾಗಿದೆ. ಫೈಲ್ ತೆರೆದು, ಕನ್ನಡಕ ಮೇಲೇರಿಸಿ, ಸ್ಕ್ರೀನನ್ನು ಅಂಗಿ ತುದಿಯಿಂದ ಒಮ್ಮೆ ಒರೆಸಿದ. ಹೋಗಲಿಲ್ಲ. ಮೌಸ್ ಹಿಡಿದ.

"ಇಲ್ಲೊಂದು ಧೂಳು ಕೂತಿದೆ ಅಣ್ಣ, ತೆಗೆದುಬಿಡ್ಲಾ?"