ಸೆಕ್ಯುರಿಟಿ ಪ್ಲಸ್ ಆಯಿತು, ಮುಂದೇನು?

ಐಟಿ ಕೆಲಸಗಳಿಗೆ ಪ್ರಮಾಣಪತ್ರ ನೀಡುವ ಕಾಂಪ್‌ಟಿಯಾ ಸಂಸ್ಥೆಯ ಎ ಪ್ಲಸ್, ಅಂದರೆ ಕಂಪ್ಯೂಟರ್ ಬೆಂಬಲದ ಆರಂಭಿಕ ಪ್ರಮಾಣಪತ್ರಕ್ಕೆ ಎರಡು ಪರೀಕ್ಷೆಗಳನ್ನು ಪಾಸು ಮಾಡಬೇಕು. ಸೈಬರ್ ಸುರಕ್ಷತೆಯ ಮೂಲಪಾಠಗಳಿರುವ ಸೆಕ್ಯುರಿಟಿ ಪ್ಲಸ್‌ಗೆ ಒಂದೇ ಪರೀಕ್ಷೆ. 90 ನಿಮಿಷದ ಅವಧಿ, ಉತ್ತೀರ್ಣರಾಗಲು 900ರ ಅಳತೆಯಲ್ಲಿ 750 ಅಂಕ. ಇವೆರಡನ್ನೂ ಮುಗಿಸಿದಾಗ ನಾನು ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿಯೊಂದರ ಹೆಲ್ಪ್‌ಡೆಸ್ಕ್‌ನಲ್ಲಿ ಕೆಲಸಕ್ಕಿದ್ದೆ. ದಾವಣಗೆರೆಯಿಂದ ಅಪ್ಪ ಫೋನ್ ಮಾಡಿದಾಗಲೆಲ್ಲ "ಸರ್ಟಿಫಿಕೇಟ್ ಬಂತಲ್ಲ, ಸಂಬಳ ಎಷ್ಟು ಹೆಚ್ಚಾಯ್ತು?" ಎಂದು ಕೇಳುತ್ತಿದ್ದರು. ಸಂಬಳ ಇದ್ದಲ್ಲೇ ಇತ್ತು. ನನ್ನ ಕಣ್ಣು ಮಾತ್ರ ಸೈಬರ್ ದಾಳಿಗಳನ್ನು ಪತ್ತೆಹಚ್ಚುವ ಸೆಕ್ಯುರಿಟಿ ಆಪರೇಷನ್ಸ್ ಸೆಂಟರ್‌ನ, ಅಂದರೆ ಎಸ್‌ಒಸಿಯ, ಅನಲಿಸ್ಟ್ ಹುದ್ದೆಗಳ ಮೇಲಿತ್ತು. ಆ ಜಾಹೀರಾತುಗಳಲ್ಲಿ ಸೆಕ್ಯುರಿಟಿ ಪ್ಲಸ್‌ನ ಹೆಸರಿನ ಜೊತೆಗೇ ಲಾಗ್‌ಗಳನ್ನು, ಅಂದರೆ ಯಂತ್ರಗಳು ಬರೆದಿಡುವ ಚಟುವಟಿಕೆಯ ದಾಖಲೆಗಳನ್ನು, ಓದಿದ ಅನುಭವವನ್ನೂ ಕೇಳುತ್ತಿದ್ದರು. ನನ್ನಲ್ಲಿದ್ದದ್ದು ಹೆಸರು ಮಾತ್ರ.

ಒಂದು ಸೋಮವಾರ ಬೆಳಿಗ್ಗೆ ಮೂರನೆಯ ಮಹಡಿಯ ಒಂದು ಸಾಲಿನವರಿಗೆ ನೆಟ್‌ವರ್ಕ್ ಇಲ್ಲವೆಂಬ ಟಿಕೆಟ್ ಬಂತು. ವಾರಾಂತ್ಯದಲ್ಲಿ ಅಲ್ಲಿ ಮೇಜುಗಳನ್ನು ಹೊಸದಾಗಿ ಜೋಡಿಸಿದ್ದರು. ಲ್ಯಾಪ್‌ಟಾಪ್ ಒಂದರಲ್ಲಿ ಐಪಿಕಾನ್ಫಿಗ್ ಆದೇಶ ಕೊಟ್ಟು ನೋಡಿದರೆ ಅದರ ನೆಟ್‌ವರ್ಕ್ ವಿಳಾಸ 169.254ರಿಂದ ಶುರುವಾಗಿತ್ತು. ಯಂತ್ರಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್‌ನಿಂದ ಉತ್ತರ ಸಿಗದಿದ್ದಾಗ ವಿಂಡೋಸ್ ತಾನೇ ಹಾಕಿಕೊಳ್ಳುವ ವಿಳಾಸವದು ಎಂಬುದನ್ನು ಎ ಪ್ಲಸ್‌ಗೆ ಓದುವಾಗಲೇ ಕಲಿತಿದ್ದೆ. ಕೇಬಲ್ ಬದಲಿಸಿದರೂ ಪ್ರಯೋಜನವಾಗಲಿಲ್ಲ. ಅದೇ ಲ್ಯಾಪ್‌ಟಾಪನ್ನು ಪಕ್ಕದ ಸಾಲಿನ ಪೋರ್ಟಿಗೆ ಚುಚ್ಚಿದ ಕೂಡಲೇ ಸರಿಯಾದ ವಿಳಾಸ ಬಂತು. ದೋಷವಿರುವುದು ಯಂತ್ರದಲ್ಲಲ್ಲ, ಆ ಸಾಲಿನ ಪೋರ್ಟುಗಳಲ್ಲಿ ಎಂದು ಬರೆದು ಟಿಕೆಟನ್ನು ನೆಟ್‌ವರ್ಕ್ ತಂಡಕ್ಕೆ ಕಳಿಸಿದೆ. ಸಾಮಾನ್ಯವಾಗಿ ನನ್ನ ಕೆಲಸ ಅಲ್ಲಿಗೆ ಮುಗಿಯುತ್ತದೆ.

ಆದರೆ ಆ ದಿನ ನೆಟ್‌ವರ್ಕ್ ತಂಡದ ಹಿರಿಯರೊಬ್ಬರು, ಧಾರವಾಡದ ಕಡೆಯವರು, ಟಿಪ್ಪಣಿ ಓದಿ ನನ್ನನ್ನೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಆ ಕೇಬಲ್‌ಗಳೆಲ್ಲ ಸೇರುವ ಸ್ವಿಚ್‌ಗೆ ಲಾಗಿನ್ ಆಗಿ ವಿಲ್ಯಾನ್‌ಗಳ, ಅಂದರೆ ಒಂದೇ ಸ್ವಿಚ್‌ನೊಳಗೆ ಬೇರ್ಪಡಿಸಿದ ನೆಟ್‌ವರ್ಕ್‌ಗಳ, ಪಟ್ಟಿಯನ್ನು ತೆರೆದರು. ಮೊದಲು ಆ ಜಾಗದಲ್ಲಿದ್ದ ಬಯೋಮೆಟ್ರಿಕ್ ಯಂತ್ರಗಳಿಗೆಂದು ಮೀಸಲಿಟ್ಟ ವಿಲ್ಯಾನ್‌ನಲ್ಲೇ ಆ ಪೋರ್ಟುಗಳು ಉಳಿದುಕೊಂಡಿದ್ದವು; ಆ ಯಂತ್ರಗಳಿಗೆಲ್ಲ ಸ್ಥಿರ ವಿಳಾಸಗಳಿದ್ದುದರಿಂದ ಅಲ್ಲಿ ಡಿಎಚ್‌ಸಿಪಿಯೇ ಇರಲಿಲ್ಲ. ಪೋರ್ಟುಗಳನ್ನು ಒಟ್ಟಿಗೆ ಆಯ್ದು, ಒಂದು ಸಾಲಿನ ಆದೇಶದಲ್ಲಿ ವಿಲ್ಯಾನ್ ಬದಲಿಸಿದರು. ಅಷ್ಟರಲ್ಲೇ ಮೂರನೆಯ ಮಹಡಿಯಿಂದ ಫೋನ್ ಬಂತು, ಎಲ್ಲ ಸರಿಹೋಗಿದೆಯೆಂದು. ಆ ಒಂದು ಸಾಲನ್ನು ಬರೆಯುವ ಅಧಿಕಾರವೂ ತಿಳಿವಳಿಕೆಯೂ ನನಗೆ ಬೇಕೆನ್ನಿಸಿತು. ಹಾಗೆ ನೋಡಿದರೆ, ಯಾವ ಪರೀಕ್ಷೆಯ ಫಲಿತಾಂಶವೂ ನನ್ನಲ್ಲಿ ಇಷ್ಟು ಆಸೆ ಹುಟ್ಟಿಸಿರಲಿಲ್ಲ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ನನ್ನ ಯೋಜನೆಯನ್ನು ಅವರ ಮುಂದಿಟ್ಟೆ. "ಎಸ್‌ಒಸಿಗೆ ಹೋಗ್ತೀನಿ ಅಂತಿ, ಛಲೋನ ಐತಿ. ಆದ್ರ ಯಾವ ಟ್ರಾಫಿಕ್ ಸರಿ ಐತಿ ಅನ್ನೋದು ಗೊತ್ತಿಲ್ದ, ಯಾವುದು ತಪ್ಪು ಅಂತ ಹ್ಯಾಂಗ ಹೇಳ್ತಿ?" ಎಂದರು. ಉತ್ತರಕ್ಕೆ ಕಾಯದೆ ಮಜ್ಜಿಗೆ ಕುಡಿಯತೊಡಗಿದರು.

ಆ ಸಂಜೆ ನೆಟ್‌ವರ್ಕ್ ಉಪಕರಣಗಳ ಕಂಪನಿಯಾದ ಸಿಸ್ಕೋದ ನೆಟ್‌ವರ್ಕಿಂಗ್ ಪ್ರಮಾಣಪತ್ರ ಸಿಸಿಎನ್‌ಎ, ಅಂದರೆ 200-301 ಪರೀಕ್ಷೆಯ ಪಠ್ಯಕ್ರಮವನ್ನು ತೆರೆದು ಕುಳಿತೆ. ಅದರಲ್ಲಿ ಶೇ. 25ರಷ್ಟು ಪಾಲು ಐಪಿ ಸಂಪರ್ಕದ್ದು, ಅಂದರೆ ಒಂದು ನೆಟ್‌ವರ್ಕಿನಿಂದ ಇನ್ನೊಂದಕ್ಕೆ ದಾರಿ ತೋರುವ ರೂಟಿಂಗ್‌ನದು; ವಿಲ್ಯಾನ್‌ಗಳೂ ಅವನ್ನು ಸ್ವಿಚ್‌ಗಳ ನಡುವೆ ಸಾಗಿಸುವ ಟ್ರಂಕ್‌ಗಳೂ ಇರುವ ನೆಟ್‌ವರ್ಕ್ ಆಕ್ಸೆಸ್ ಭಾಗಕ್ಕೆ ಶೇ. 20. ಸುರಕ್ಷತೆಗೂ ಶೇ. 15 ಇರುವುದರಿಂದ ಈಗಾಗಲೇ ಓದಿದ್ದು ನಷ್ಟವಾಗುವುದಿಲ್ಲ. ಕ್ಲೌಡ್ ಕಡೆಗೆ ಹೋಗುವ ಯೋಚನೆಯೂ ಇತ್ತು. ಆದರೆ ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್‌ನ ಎಝಡ್-104 ಪರೀಕ್ಷೆಯಲ್ಲೂ ವರ್ಚುವಲ್ ನೆಟ್‌ವರ್ಕ್, ಅದರ ಉಪವಿಭಾಗಗಳಾದ ಸಬ್‌ನೆಟ್‌ಗಳೇ ಎದುರಾಗುವುದನ್ನು ಕಂಡ ಮೇಲೆ ಅದನ್ನು ಮುಂದಕ್ಕೆ ಹಾಕಿದೆ. ಸಿಸಿಎನ್‌ಎ ಶುಲ್ಕ ಆಗ 300 ಡಾಲರ್ ಇತ್ತು, ಅದರ ಮೇಲೆ ತೆರಿಗೆ; ನನ್ನ ಸಂಬಳಕ್ಕೆ ಇದು ಸಣ್ಣ ಮೊತ್ತವಲ್ಲ. ಹಾಗಾಗಿ ಪರೀಕ್ಷೆಯ ದಿನಾಂಕವನ್ನು ಕಾಯ್ದಿರಿಸುವ ಮೊದಲು, ನೆಟ್‌ವರ್ಕನ್ನು ತೆರೆಯ ಮೇಲೆ ಅನುಕರಿಸುವ, ಉಚಿತವಾಗಿ ಸಿಗುವ ಪ್ಯಾಕೆಟ್ ಟ್ರೇಸರ್ ತಂತ್ರಾಂಶದಲ್ಲಿ ಬೆಳಗಿನ ದೋಷವನ್ನೇ ಮರುಸೃಷ್ಟಿಸಲು ಹೊರಟೆ. ಎರಡು ಸ್ವಿಚ್, ಒಂದು ಡಿಎಚ್‌ಸಿಪಿ ಸರ್ವರ್ ಇಟ್ಟು ಪೋರ್ಟನ್ನು ಬೇಕೆಂದೇ ತಪ್ಪು ವಿಲ್ಯಾನ್‌ಗೆ ಹಾಕಿದರೆ, ತೆರೆಯ ಮೇಲಿನ ಕಂಪ್ಯೂಟರೂ 169.254ನ್ನೇ ತೋರಿಸಿತು.

ಮರುವಾರ ಮ್ಯಾನೇಜರ್ ಮೇಡಂ ಅವರನ್ನು ಕಂಡು, ಪಾಳಿಯ ನಡುವೆ ಬಿಡುವಿದ್ದಾಗ ನೆಟ್‌ವರ್ಕ್ ತಂಡದ ಜೊತೆ ಕೂರಲು ಅನುಮತಿ ಕೇಳಿದೆ. ಹೆಲ್ಪ್‌ಡೆಸ್ಕ್‌ನ ಟಿಕೆಟ್‌ಗಳು ಬಾಕಿ ಉಳಿಯಬಾರದೆಂಬ ಷರತ್ತಿನ ಮೇಲೆ ಒಪ್ಪಿದರು. ಸದ್ಯಕ್ಕೆ ಸ್ವಿಚ್‌ಗಳ ಸಂರಚನೆಯನ್ನು ನೋಡುವ ಅನುಮತಿ ಮಾತ್ರ ಸಿಕ್ಕಿದೆ. ಬದಲಿಸುವ ಅನುಮತಿಯ ಮಾತನ್ನು ಸಿಸಿಎನ್‌ಎ ಆದ ಮೇಲೆ ಆಡೋಣ ಎಂದಿದ್ದಾರೆ.